ಸೋಮವಾರದ ಮೂಟೆ

ನಾನು ಒಂದು ಆಟವನ್ನೂ ನೋಡಿದವಳಲ್ಲ.
ಶನಿವಾರ ಮಧ್ಯಾಹ್ನ ದಿಬ್ಬದ ಮೇಲಿನ ಕಾಲೇಜಿನಿಂದ
ಒಂದು ಕೂಗು ಸೀಡರ್ ನದಿ ದಾಟಿ
ನನ್ನ ಹಿತ್ತಲ ಹಗ್ಗದವರೆಗೆ ಬರುತ್ತಿತ್ತು.
ಗೆದ್ದ ಕೂಗೋ ಸೋತ ಕೂಗೋ, ದೂರಕ್ಕೆ ಎರಡೂ ಒಂದೇ.

ಸೋಮವಾರ ಬೆಳಿಗ್ಗೆ ಎಮರಿ ಪ್ರಾಟ್
ಕೈಗಾಡಿ ತಳ್ಳಿಕೊಂಡು ಬರುವನು.
ಹನ್ನೊಂದು ಉಣ್ಣೆಯಂಗಿ, ಕಂದು ಕೆನೆ ಪಟ್ಟೆ,
ಹನ್ನೊಂದು ಕ್ಯಾನ್ವಾಸ್ ಚಡ್ಡಿ, ಮೊಣಕಾಲಿಗೆ ನಾನೇ ತುಂಬಿದ ಹತ್ತಿ.
“ಮಿಸೆಸ್ ಹಾವ್ರಾನೆಕ್, ಜೋಪಾನ,” ಅನ್ನುವನು
ಗಾಜಿನ ಸಾಮಾನು ತಂದವನ ಹಾಗೆ.
ಅಂಗಿಗೆ ಮೂರು ಸೆಂಟು. ರಕ್ತವಿದ್ದರೆ ನಾಲ್ಕು.

ಇಂಗ್ಲಿಷ್ ಓದಲು ಬಾರದು ನನಗೆ.
ಬೊಹೀಮಿಯದಲ್ಲೂ ಓದಿದ್ದು ಬಟ್ಟೆಯನ್ನೇ.
ಎದೆಗೆ ಕೆಸರಾದರೆ ನುಗ್ಗಿದವನು,
ಬೆನ್ನಿಗೆ ಕೆಸರಾದರೆ ಕೆಡವಿಸಿಕೊಂಡವನು.
ಕರಿಮಣ್ಣು ನಮ್ಮದೇ ಬಯಲು.
ಕೆಂಪು ಜೇಡಿ ಅಂದರೆ ರೈಲು ಹತ್ತಿ ಹೋಗಿ ಸೋತು ಬಂದರು.
ಕಲ್ಲಿದ್ದಲ ಪುಡಿ ಅಂದರೆ ಗಣಿಯೂರಿನ ತಂಡ.
ಅವರು ವಿದ್ಯಾರ್ಥಿಗಳೇ ಅಲ್ಲ, ಮದುವೆಯಾದ ಗಂಡಸರು,
ಒಬ್ಬನಿಗಂತೂ ಮೂರು ಮಕ್ಕಳು, ಎಂದು ಎಮರಿ ಗೋಳಾಡಿದ.
ಆ ವಾರ ಏಳು ಅಂಗಿಗೆ ನಾಲ್ಕು ಸೆಂಟು.

ಗುರುತಿಗೆಂದು ಕೊರಳಪಟ್ಟಿಯೊಳಗೆ ಬಣ್ಣದ ದಾರ ಹಾಕಿದ್ದೆ.
ಹಳದಿ, ಆನ್ಸೆಲ್ ರಡ್: ಎಡತೋಳು ಹರಿಯದ ವಾರವಿಲ್ಲ.
ನೀಲಿ, ಪಾದ್ರಿಯ ಮಗ: ಜಗಿದು ಉಗುಳಿದ ತಂಬಾಕಿನ ಕಲೆ.
ಯಾರಿಗೂ ಹೇಳಲಿಲ್ಲ.
ಕೆಂಪು, ಲೇಫ್ ಟೋರ್ವಿಕ್. ನಾರ್ವೆಯವರ ಹುಡುಗ.
ಮುಖ ಕಂಡಿಲ್ಲ, ಭುಜ ಗೊತ್ತು;
ಎರಡು ಸಲ ಹಿಡಿದು ಹೊಲಿದರೂ ಅಂಗಿ ದೊಡ್ಡದೇ.

ಅಕ್ಟೋಬರಿನ ಎರಡನೆಯ ಮೂಟೆ.
ಹತ್ತು ಅಂಗಿ ಹಂದಿ ಹೊರಳಿದ ಹಾಗೆ.
ಕೆಂಪು ದಾರದ್ದು ಮಾತ್ರ ಇಸ್ತ್ರಿಯ ಗೆರೆ ಸಮೇತ ವಾಪಸು.
“ಪಾಪ, ಆಡಿಸಲಿಲ್ಲವೇ?” ಅಂದೆ.
ಎಮರಿ ಕೈಗಾಡಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.
ಹೋದ ವರ್ಷದಿಂದ ಹೊಸ ಕಾನೂನಂತೆ,
ಚೆಂಡನ್ನು ಮುಂದಕ್ಕೆ ಎಸೆಯಬಹುದಂತೆ.
ಗುಂಪೆಲ್ಲ ಇಲ್ಲಿ ಗುದ್ದಾಡುತ್ತಿದ್ದರೆ
ಲೇಫ್ ಅಲ್ಲಿ ಬೇಲಿಯ ಹತ್ತಿರ ಒಬ್ಬನೇ
ತಡವಾದ ಗಾಡಿಗೆ ಕಾಯುವವನಂತೆ ನಿಂತಿದ್ದನಂತೆ.
ಚೆಂಡು ಬಂತಂತೆ. ಹಿಡಿದನಂತೆ. ಓಡಿದನಂತೆ.
ಒಂದು ಬೆರಳೂ ತಾಕಲಿಲ್ಲವಂತೆ.
ಐದು, ಸೊನ್ನೆ.

ಆ ಅಂಗಿಯನ್ನು ನಾನು ಒಗೆಯಲಿಲ್ಲ. ಗಾಳಿಗೆ ಹಾಕಿದೆ, ಅಷ್ಟೆ.
ಮೂರು ಸೆಂಟು ಮಾತ್ರ ಬಿಡಲಿಲ್ಲ.

ಆಮೇಲೆ ಅದಕ್ಕೂ ಮಣ್ಣು ಹತ್ತಿತು.
ಗುಟ್ಟು ರಟ್ಟಾದ ಮೇಲೆ ಬೇಲಿಯ ಹತ್ತಿರವೂ ಯಾರೋ ಇರುತ್ತಾರೆ.
ಆರು ಆರು ಸಮವಾದ ವಾರ ಅದರ ಬಗಲಲ್ಲಿ
ಯಾರದೋ ಐದು ಬೆರಳಿನ ಅಚ್ಚು.
ನನ್ನ ಸೋಪಿಗೆ ಬಗ್ಗಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ದಿನ ನೆಲ ಕಲ್ಲಾಗಿತ್ತು.
ಬಾತುಕೋಳಿ ಬೇಯಿಸುತ್ತಿದ್ದೆ.
ಕೂಗು ಎದ್ದದ್ದು ಅರ್ಧಕ್ಕೇ ನಿಂತಿತು.
ಸೌಟು ಹಿಡಿದು ಬಾಗಿಲಿಗೆ ಬಂದೆ. ಮತ್ತೆ ಏಳಲಿಲ್ಲ.
ಸೋಮವಾರ ಬೇರೆ ಯಾವನೋ ಹುಡುಗ, ಮೂಟೆ ಇಳಿಸಿ ಓಡಿದ.
ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

ಹನ್ನೊಂದನೆಯದು ಡಿಸೆಂಬರಿನಲ್ಲಿ ಬಂತು,
ಕಂದು ಕಾಗದದಲ್ಲಿ, ಎಮರಿಯ ಕಂಕುಳಲ್ಲಿ.
ಬಿಚ್ಚಿದೆ. ಒಂದು ಕಲೆಯಿಲ್ಲ.
ಮತ್ತೆ ಯಾರೂ ತಾಕಲಿಲ್ಲವಲ್ಲ ಎಂದು
ಒಂದು ಗಳಿಗೆ ಹಿಗ್ಗಿದೆ, ದಡ್ಡಿ.
ಆಮೇಲೆ ವಾಸನೆ ಬಂತು.
ನನ್ನ ಸೋಪಲ್ಲ. ಬೂದಿನೀರು, ಲ್ಯಾವೆಂಡರ್.
ರಕ್ತಕ್ಕೆ ತಣ್ಣೀರೇ ಆಗಬೇಕೆಂದು ಬಲ್ಲವಳು ಒಗೆದದ್ದು.
ಕೊರಳಿಂದ ಅಂಚಿನವರೆಗೆ ವೈದ್ಯನ ಕತ್ತರಿ ಹೋದ ದಾರಿಯನ್ನು
ಇರುವೆ ಸಾಲಿನಂಥ ಹೊಲಿಗೆಯಲ್ಲಿ ಮುಚ್ಚಿದ್ದಳು,
ನನಗಿಂತ ಚೆನ್ನಾಗಿ.
ಕೆಂಪು ದಾರವನ್ನು ಹಾಗೇ ಬಿಟ್ಟಿದ್ದಳು.

ಕಾಲೇಜಿನ ಹಾಳೆಯಲ್ಲಿ ಅಚ್ಚಾಗಿದೆಯಂತೆ:
ಎರಡು ಗೆಲುವು, ಒಂದು ಸಮ, ಐದು ಸೋಲು.
ಎಮರಿ ಲೆಕ್ಕದ ಪುಸ್ತಕ ತೆರೆದು
“ಹನ್ನೊಂದು ಅಂಗಿ,” ಅಂದ.
“ಹತ್ತು,” ಅಂದೆ.
ಅವನು ಬರೆಯಲಿಲ್ಲ. ಪೆನ್ಸಿಲು ಹಿಡಿದು ನಿಂತೇ ಇದ್ದ.
ಹೊರಗೆ ಹಗ್ಗದ ಮೇಲೆ ಚಡ್ಡಿಗಳು
ಹೆಪ್ಪುಗಟ್ಟಿ, ಮೊಣಕಾಲು ಮಡಿಸಿ, ಒಂದೇ ಸಾಲಿನಲ್ಲಿ
ಯಾರದೋ ಸೀಟಿಗೆ ಕಾಯುತ್ತಿದ್ದವು.