ಎರಡು ಬೆರಳು ಬಿಟ್ಟು

ಜಸಿಂತಾ ಟೀಚರ್ ಕೊಟ್ಟಾಗ ಅದು ಬರೀ ಏಳು ಎಸಳು.
ಒದ್ದೆ ಪೇಪರಿನಲ್ಲಿ ಸುತ್ತಿ, ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ
ಹೆರಿಗೆ ಆಸ್ಪತ್ರೆಯಿಂದ ತಂದ ಹಾಗೆ ತಂದಿದ್ದರು.
"ಚೈವ್ಸ್," ಅಂದರು. ಎರಡು ಸಲ ಕೇಳಿದೆ.
ಮೂರನೆಯ ಸಲ ಕೇಳಲು ನಾಚಿಕೆಯಾಗಿ
ಹೂಂ ಅಂದೆ.

ಮನೆಯಲ್ಲಿ ಹೆಸರು ಕೂತದ್ದೇ ಬೇರೆ.
ಅತ್ತೆ ಚಿಣ್ಣವ್ವ "ಆ ಹುಲ್ಲು" ಅಂದರು.
ಮಗಳು ಪೂವಿ "ಈರುಳ್ಳಿಯ ಕೂದಲು" ಅಂದಳು.
ನಾಣಯ್ಯ ಏನೂ ಅನ್ನದೆ
ಒಂದೆಸಳು ಕಿತ್ತು ಊದಿ ನೋಡಿದರು,
ಒಳಗೆ ಟೊಳ್ಳು, ಪೀಪಿ ಆದೀತೇನೋ ಅಂತ.
ಆಗಲಿಲ್ಲ. ಬಾಯಿ ಸಂಜೆಯವರೆಗೆ ನಾರಿತು.

ನೆಟ್ಟದ್ದು ವಿರಾಜಪೇಟೆಯ ನಮ್ಮ ಗೋಡೆ ಬದಿ,
ಸೀಟಿ ಮರೆತ ಹಳೇ ಕುಕ್ಕರಿನಲ್ಲಿ.
ತಳಕ್ಕೆ ಮೊಳೆಯಿಂದ ಮೂರು ತೂತು,
ಕೊಳೆತ ಕಾಫಿ ಸಿಪ್ಪೆ, ಹೊಳೆ ಮರಳು, ಹಿಡಿ ಬೂದಿ.
ಜೂನ್ ಬಂದರೆ ಸೂರಿನಡಿಗೆ ಎಳೆಯುವುದು,
ಅಕ್ಟೋಬರಿನಲ್ಲಿ ಬಿಸಿಲಿಗೆ ತಳ್ಳುವುದು.

ಟೀಚರ್ ಗೋಡೆಯಾಚೆಯಿಂದ ಪಾಠ ಹೇಳಿದರು:
ಕೀಳಬಾರದು, ಕತ್ತರಿಸಬೇಕು.
ಚೂರಿ ಬೇಡ, ಕತ್ತರಿ.
ಬುಡದಿಂದ ಎರಡು ಬೆರಳು ಬಿಟ್ಟು.
ಪೂರ್ತಿ ಬೋಳಿಸಿದರೆ ಮುನಿಸಿಕೊಳ್ಳುತ್ತೆ,
ಮುಟ್ಟದೇ ಬಿಟ್ಟರೂ ಮುನಿಸಿಕೊಳ್ಳುತ್ತೆ.
ಒಲೆ ಆರಿಸಿದ ಮೇಲೆ ಹಾಕು,
ಕುದಿಸಿದೆಯೋ, ನಿಮ್ಮತ್ತೆ ಹೇಳಿದ್ದೇ ನಿಜ.

ಮಾತು ಕೇಳದೆ ಮೊದಲು ಪಂದಿ ಕರಿಗೇ ಹಾಕಿದೆ.
ಕಾಚಂಪುಳಿಯ ಎದುರು ಅದು
ಪೊಲೀಸ್ ಠಾಣೆಗೆ ಬಂದ ಮಗುವಿನ ಹಾಗೆ
ಬಾಯೇ ಬಿಡಲಿಲ್ಲ.
ಆಮೇಲೆ ಗೊತ್ತಾಯಿತು ಅದರ ಜಾಗ:
ಹೆಂಚಿನಿಂದ ಇಳಿದ ಅಕ್ಕಿ ಒಟ್ಟಿ,
ಒಟ್ಟಿಯ ಮೇಲೆ ಬೆಣ್ಣೆ,
ಬೆಣ್ಣೆಯೊಳಗೆ ಸಣ್ಣ ಸಣ್ಣ ಹಸಿರು ಬಳೆ.
ಅತ್ತೆ ಮೂರು ಒಟ್ಟಿ ತಿಂದು ಕೈ ತೊಳೆದು
ಗೋಡೆಯ ಕಡೆ ನೋಡದೆಯೇ ಕೇಳಿದರು,
"ಆ ಹುಲ್ಲು ಮತ್ತೆ ಯಾವಾಗ ಬರುತ್ತೆ?"

ಹತ್ತು ಹನ್ನೆರಡು ದಿನ.
ಅದು ಅಷ್ಟೇ ಕೇಳುವುದು.

ಆಮೇಲೆ ಕೋಳಿ.
ನಮ್ಮ ಬೋಳು ಕತ್ತಿನ ಹೇಂಟೆ ಗೋಡೆ ಹಾರಿ
ಟೀಚರ ಮಡಿಯನ್ನೆಲ್ಲ ಕೆದರಿತು,
ತಾಯಿ ಗಿಡ ಬೇರು ಮೇಲಾಗಿ ಬಿದ್ದಿತ್ತು.
ಅವರು ಒಂದು ಮಾತು ಅಂದರು, ನಾನು ಮೂರು.
ಅವತ್ತಿನಿಂದ ಗೋಡೆ, ಬರೀ ಗೋಡೆ.

ಪೋಸ್ಟಾಫೀಸಿನ ಕಿಂಡಿಯಲ್ಲಿ ಕೂರುವವಳು ನಾನು.
ಪ್ರತಿ ತಿಂಗಳು ಬಡ್ಡಿಗೆ ಬರುವವರು ಅವರು.
"ಇಲ್ಲಿ ಸಹಿ."
"ಚಿಲ್ಲರೆ ಇದೆಯಾ."
ಎರಡು ವರ್ಷ ಇಷ್ಟೇ.
ಮನೆಗೆ ಬಂದು ಕತ್ತರಿ ಹಿಡಿದಾಗೆಲ್ಲ
ಬೆರಳು ಮಾತ್ರ ತಾನಾಗಿ ಮಣ್ಣಿಗೆ ಆನಿಸಿ ಅಳೆಯುತ್ತಿತ್ತು.

ಈ ಸಲ ತುದಿಗಳು ಹಳದಿಯಾದವು.
ನೀರು ಹಾಕಿದೆ, ಗೊಬ್ಬರ ಹಾಕಿದೆ, ಬೈದೆ.
ರಾತ್ರಿ ಮಗ್ಗುಲು ಬದಲಿಸುವಾಗ ನೆನಪಾಯಿತು:
ಮೂರು ವರ್ಷಕ್ಕೊಮ್ಮೆ ಒಡೆದು ಹಂಚು,
ಇಲ್ಲದಿದ್ದರೆ ತನ್ನನ್ನು ತಾನೇ ಉಸಿರುಗಟ್ಟಿಸುತ್ತೆ.

ಕುಕ್ಕರ್ ಬಿಡಲೊಲ್ಲದು.
ನಾಣಯ್ಯ ತಳಕ್ಕೆ ನಾಲ್ಕು ಏಟು ಕೊಟ್ಟರು.
ಹೊರಬಂತು ಬಿಳಿ ಬೇರಿನ ಇನ್ನೊಂದು ಕುಕ್ಕರ್,
ತಳದ ಉಬ್ಬೂ ತಗ್ಗೂ ಸಮೇತ.
ಎರಡು ಹೆಬ್ಬೆರಳು ನಡುವೆ ಹೊಗಿಸಿ
ಹಲಸಿನ ಹಣ್ಣು ಬಿಡಿಸಿದಂತೆ ಬಿಡಿಸಿದೆ.
ಐದಾಯಿತು.
ನಾಲ್ಕು ನೆಟ್ಟೆ.

ಐದನೆಯದು ಒದ್ದೆ ಪೇಪರಿನಲ್ಲಿ, ರಬ್ಬರ್ ಬ್ಯಾಂಡಿನಲ್ಲಿ,
ಸೀಲಿನ ಮಸಿಯ ಡಬ್ಬಿಯ ಪಕ್ಕ ಮೂರು ದಿನ ಕಾದಿತು.
ಸಹಿ ಆಯಿತು, ದುಡ್ಡು ಎಣಿಸಿ ಆಯಿತು,
ಚಿಲ್ಲರೆಯ ಜೊತೆ ಕಿಂಡಿಯಿಂದ ತಳ್ಳಿದೆ.
ಟೀಚರ್ ಪೇಪರ್ ಬಿಡಿಸಿ ಮೂಸಿದರು.
"ಕೋಳಿ?"
"ಕೈಲ್‌ಪೊಳ್ದಿಗೇ ಆಯ್ತು."
"ಎಷ್ಟು ಬೆರಳು ಬಿಟ್ಟು ಕತ್ತರಿಸ್ತೀಯ?"
"ಎರಡು."
ಕಿಂಡಿಯೊಳಗೆ ಬಗ್ಗಿ ನನ್ನ ಕೈ ನೋಡಿದರು.
"ನಿನ್ನದು ಸಣ್ಣ ಬೆರಳು. ಮೂರು ಬಿಡು."

ಹಿಂದೆ ರಿಜಿಸ್ಟರ್ ಪೋಸ್ಟ್ ಹಿಡಿದು ನಿಂತವರು
ಕೆಮ್ಮಿದರು.