ಕುಂತು ನೋಡೂ ಹೂವು

ಶಹಾಪುರದಾಗ ನಮ್ಮ ಮನಿ ಹಿಂದ
ಬಚ್ಚಲ ಗ್ವಾಡಿಗೂ ಪಾಟಣೇಕರ ಗ್ವಾಡಿಗೂ ನಡುವ
ಒಂದು ಮಗ್ಗದ ಅಗಲ ನೆಲ.
ಬಿಸಲು ನಡುಮಧ್ಯಾಹ್ನಕ್ಕ ಬರತೈತಿ,
ಟಪಾಲಿನವನಂಗ ಹೊಸ್ತಲಾಗ ನಿಂತು
ಹೊಳ್ಳಿ ಹೋಗತೈತಿ.

ತುಳಸಿ ಕೊಳೀತು. ಸೇವಂತಿಗಿ ಬರೇ ಉದ್ದಾತು.
ಅಬ್ಬಲಿಗಿ ಬುಡಕ್ಕ ಹಾವಸಿ ಕಟ್ಟಿತು.
"ಫರಸಿ ಹಾಕಿಸಿಬಿಡ್ರಿ," ಅಂದ್ಲು ಬನ್ನವ್ವ,
"ಭಾಂಡೆ ತಿಕ್ಕಾಕರ ಆಗತೈತಿ."

ಮಿರಗ ಹೊಕ್ಕ ಶನಿವಾರ, ಸಂತ್ಯಾಗ
ಖಾನಾಪುರ ಕಡೀ ಮುದುಕಿ
ಅಳಂಬಿ ಬುಟ್ಟಿ ತಳದಿಂದ ಗಡ್ಡಿ ತಗದು ಕೊಟ್ಲು.
"ನೆರಳಿರಲಿ, ಹಸಿ ಇರಲಿ, ನೀರು ನಿಲ್ಲಬಾರದು."
ಉಸುಕು, ಕೊಳತ ಎಲಿ, ಗೊಬ್ಬರ ಕಲಿಸಿ
ನಾ ಅರ್ಧ ಗಡ್ಡಿ ಹೂಳೂದರಾಗ
ಇನ್ನರ್ಧ ಶುಂಠಿ ಅಂತ ತಿಳದು
ಆಕಿ ಚಹಾಕ್ಕ ಜಜ್ಜಿದ್ಲು.
ಕರ್ಪೂರ ಕುಡದಂಗಿತ್ತು.
ಇಬ್ಬರೂ ಮಾತಾಡಲಿಲ್ಲ. ಕುಡದಿವಿ.

ಮಳಿಗಾಲೆಲ್ಲಾ ಬರೇ ಎಲಿ.
ಹಸರಿನ ಮ್ಯಾಲ ಬೆಳ್ಳಿ ಗೀರು,
ತಿರುವಿದರ ಬದನೀಕಾಯಿ ಬಣ್ಣ.
ಇಂಥಾ ಜೋಡಿ ನೇಯಾಕ ಹೋಗಿ
ನಲವತ್ತು ವರ್ಷ ಸೋತಾಂವ ನಾನು.

ದೀಪಾವಳಿಗೆ ಹಳದಿಯಾಗಿ ಮಲಗಿತು.
ಗುರುತಿಗೆ ಒಂದು ಮುರದ ಲಾಳಿ ಚುಚ್ಚಿದೆ.
ಬಚ್ಚಲ ನೀರು ಬ್ಯಾರೆ ಕಡೆ ತಿರುವಿದೆ.
ಚಳಿಗಾಲಕ್ಕ ನೀರು ಹಾಕಬಾರದು,
ಕೆದರಿ ನೋಡಬಾರದು.
ಕೈಯಾಡಿಸಿಯೇ ಹೊಟ್ಟಿ ಹೊರಕೊಂಡವಗ
ಇದರಷ್ಟು ಕಠಿಣ ಕೆಲಸ ಮತ್ತೊಂದಿಲ್ಲ.

ಶಿವರಾತ್ರಿ ದಾಟಿ ಎಂಟು ದಿನಕ್ಕ
ಕಸಬರಿಗಿ ಹಿಡದು ಆಕಿ ಒಳಗ ಬಂದ್ಲು.
"ಯಾರ ತುರುಬಿನ ಹೂವೋ, ಗಾಳಿಗೆ ಹಾರಿ ಬಿದ್ದಿತ್ತು.
ಗುಡಿಸಿ ಚೆಲ್ಲಿದೆ."
ಹೋಗಿ ನೋಡಿದೆ, ಕಸದಾಗ:
ಬಿಳಿ ಎಸಳು, ನಡುವ ನೇರಳಿ ನಾಲಿಗಿ.
ಹಾರಿ ಬಂದದ್ದಲ್ಲ ಅಂತ ಹೇಳಲಿಲ್ಲ.

ಮರುದಿನ ಇನ್ನೊಂದು.
ಎಲಿ ಇಲ್ಲ, ಕಡ್ಡಿ ಇಲ್ಲ,
ಲಾಳಿ ಪಕ್ಕ ಮಣ್ಣೇ ಬಾಯಿ ತಗದಂಗ.
ಸಂಜಿಗೆ ಬಾಡಿತು; ಮುಂಜಾನೆಗೆ ಮತ್ತೆರಡು.
ಗ್ವಾಡಿ ಆಚೆಯಿಂದ ಸುಮನತಾಯಿ ಹಣಿಕಿ ಹಾಕಿ
"ಅಗಬಾಯಿ, ಭುಯಿಚಾಫಾ!" ಅಂದ್ರು.
ಸಂತಿ ಮುದುಕಿ ನೆಲಸಂಪಿಗಿ ಅಂದಿದ್ಲು.
ಹೆಸರು ಎರಡು, ಎರಡೂ
ನೆಲಾ ಬಿಟ್ಟು ಏಳೂದಿಲ್ಲ.

ನಿಂತವರಿಗೆ ಇದರ ವಾಸನಿ ಸಿಗೂದಿಲ್ಲ.
ಕುಕ್ಕರಗಾಲಾಗ ಕೂಡಬ್ಯಾಡ ಅಂದಾರ ಡಾಕ್ಟರು
ಬನ್ನವ್ವಗ; ಮೊಣಕಾಲು ಸವದಾವ.
ಗ್ವಾಡಿ ಹಿಡಕೊಂಡು, ನನ್ನ ಹೆಗಲು ಹಿಡಕೊಂಡು
ಚೂರು ಚೂರೇ ಇಳದು ಕುಂತ್ಲು.
ಮೂಗಿಗೆ ಮಣ್ಣು ಹತ್ತೂವಂಗ ಬಾಗಿ
ಭಾಳ ಹೊತ್ತು ಸುಮ್ಮನಿದ್ದು,
"ಆವತ್ತಿನ ಚಹಾ!" ಅಂದ್ಲು.

"ಎಬ್ಬಸ್ರಿ ಈಗ."
ಕೈ ಚಾಚಿದೆ.
"ತಡೀರಿ, ಇನ್ನೊಂದು ಸಲ."