ಅರವತ್ತಮೂರು ಸಾವಿರ

ಎಂಬತ್ತು ಸಾವಿರದ ಚೀಟಿ, ಕೂಗಿನಲ್ಲಿ ಹದಿನೇಳು ಬಿಟ್ಟೆ.
ಉಳಿದ ಅರವತ್ತಮೂರನ್ನು
ಖಾರ ಮಂಡಕ್ಕಿ ಕಟ್ಟಿ ತಂದ ಪೇಪರಿನ ಮೇಲೆ
ಎಣ್ಣೆ ಹೀರದ ಜಾಗ ಹುಡುಕಿ ಬರೆದಿದ್ದೇನೆ.
ಕೆಳಗೊಂದು ಗೆರೆ. ಗೆರೆಯ ಕೆಳಗೆ

ಲೆನ್ಸ್, ಎಂಬತ್ತೈದರದು, ಸೆಕೆಂಡ್ ಹ್ಯಾಂಡ್.
ಫ್ಲ್ಯಾಶು ಎರಡು, ಛತ್ರಿ ಸಮೇತ.
ಪ್ರಿಂಟರು, ಯಾಕೆಂದರೆ ಇರುವುದು ಈಗೀಗ
ಎಲ್ಲರನ್ನೂ ಕಾಮಾಲೆ ಹತ್ತಿದವರ ಹಾಗೆ ಕಕ್ಕುತ್ತದೆ.
ಕೂಡಿದರೆ ಒಂದು ಲಕ್ಷದ ಹನ್ನೆರಡು.
ಕಳೆದರೆ ಏನೂ ಉಳಿಯುವುದಿಲ್ಲ, ಸ್ಟುಡಿಯೋ ಕೂಡ.

"ಅಕ್ಕ, ಮದುವಿ ಹಿಡೀಬೇಕಂದ್ರ ಲೆನ್ಸೇ ಬೇಕು,"
ಹಾಲೇಶಿಯ ವಾದ. "ಹಿಂದಿನ ಗದ್ಲ ಎಲ್ಲಾ ಮಸುಕಾಗಿ
ಹೆಣ್ಣಿನ ಮುಖ ಒಂದ ನಿಲ್ತತಿ."
ಆ ಹಿಂದಿನ ಗದ್ದಲದಲ್ಲೇ ಅಲ್ಲವೇನೋ
ನಮಗೆ ದುಡ್ಡು ಕೊಡುವ ಮಾವ ನಿಂತಿರುವುದು?
ಮಸುಕಾದ ಮಾವನಿಂದ ಬಾಕಿ ವಸೂಲಾದ ಹಾಗೇ.

ಹುಬ್ಬಳ್ಳಿಯ ಏಜೆಂಟು ಎರಡು ದಿನಕ್ಕೆ ಬಿಟ್ಟು ಹೋದ:
"ಹಿಡದ್ ನೋಡ್ರಿ, ಬ್ಯಾಡಾದ್ರ ವಾಪಸ್ ಕೊಡ್ರಿ."
ಬೆಣ್ಣೆಗೆ ಕಾದ ಹಂಚು ತೋರಿಸಿದ ಹಾಗೆ.

ಮಧ್ಯಾಹ್ನ. ಕರೆಂಟಿದೆ, ಗಿರಾಕಿ ಇಲ್ಲ.
ಹಾಲೇಶಿಯನ್ನೇ ಸ್ಟೂಲಿನ ಮೇಲೆ ಕೂರಿಸಿ
ಮೊಳೆಯಿಂದ ಕೋಟು ಇಳಿಸಿ ತೊಡಿಸಿದೆ.

ಆ ಕೋಟು.
ಹೊಂಡದ ಸರ್ಕಲ್ಲಿನ ಆಚೀಚೆ ಯಾರ ಮನೆಯ
ಟ್ರಂಕು ತೆಗೆದರೂ ಪುಟ್ಟ ಚೌಕದೊಳಗೆ ಅದು ಇದೆ.
ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗರು,
ಸೌದಿಗೆಂದು ಪಾಸ್‌ಪೋರ್ಟ್ ಮಾಡಿಸಿದ, ಟೈಲ್ಸ್ ಹಾಕುವ ಇಮ್ತಿಯಾಜ್,
ಮಿಲ್ಲು ಮುಚ್ಚಿದ ಮೇಲೆ ಬ್ಯಾಂಕಿನ ಬಾಗಿಲು ಕಾಯಲು ಹೋದ ಗುರುಶಾಂತಪ್ಪ,
ಒಬ್ಬರ ಬೆವರು ಆರುವ ಮೊದಲು ಇನ್ನೊಬ್ಬರು ಒಳಹೊಕ್ಕು
ಫೋಟೋಕ್ಕೆ ದನಿ ಬೇಡವೆಂಬುದನ್ನು ಮರೆತು
ಗಂಟಲು ಸರಿಮಾಡಿಕೊಂಡು ನೆಟ್ಟಗೆ ಕೂತವರು.
ತೋಳು ಸಾಲದವರ ತೋಳು ಚೌಕಕ್ಕೆ ಬರಲಿಲ್ಲ.
ಸಡಿಲಾದವರ ಬೆನ್ನಿಗೆ ಬಟ್ಟೆಯ ಕ್ಲಿಪ್ಪು.
ಹಳೆಯ ಲೆನ್ಸು ಎಲ್ಲ ಗೊತ್ತಿದ್ದೂ ಸುಮ್ಮನಿತ್ತು.

ಹೊಸದು ಸುಮ್ಮನಿರಲಿಲ್ಲ.
ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ
ಕಾಲರಿನ ನೂಲು ಒಂದೊಂದೂ ಎದ್ದು ನಿಂತಿದೆ,
ಎಡಕ್ಕೆ ಯಾರದೋ ವಿಭೂತಿಯೋ ಪೌಡರೋ, ಬಿಳಿ ಗೀಟು,
ಗುಂಡಿಯ ದಾರ ಕಪ್ಪಲ್ಲ, ನೀಲಿ. ಅದು ನಾನೇ ಹಾಕಿದ್ದು.
ಹಾಲೇಶಿಯ ಗದ್ದದ ಮೇಲೆ ಬೆಳಗಿನ ಬ್ಲೇಡಿನ ಗೀರು,
ಕಣ್ಣಿನ ಕರಿಯಲ್ಲಿ ಕಿಟಕಿ, ಕಿಟಕಿಯ ಮುಂದೆ
ಸಾಸಿವೆಯಷ್ಟು ನಾನು.
ಕ್ಯಾಮೆರಾ ಹಿಡಿದಿದ್ದರೂ
ಕೂಡಿ ಕಳೆಯುತ್ತ ನಿಂತವಳ ಭಂಗಿ.

"ಅಕ್ಕ, ನಾ ಹಿಂಗ ಅದೀನೇನು?"
ಅಳಿಸು ಅನ್ನಲಿಲ್ಲ. ಬಹಳ ಹೊತ್ತು ನೋಡಿದ.

ರಾತ್ರಿ ಮಂಡಕ್ಕಿ ಪೇಪರಿನ ಪಟ್ಟಿ ಅಂಚಿಗೆ ಬಂತು:
ಲೆನ್ಸ್ ತಂದರೆ ಗೋಡೆಗೆ ಬಣ್ಣ,
ಬಣ್ಣ ಬಳಿದರೆ ಪರದೆ, ಪರದೆಗೆ ದೀಪ.
ಒಂದು ಚೆಂದ ಬಾಗಿಲಿಗೆ ಬಂದದ್ದೇ
ಒಳಗಿನ ಬಡತನವೆಲ್ಲ ಬೀಗರನ್ನು ಕಾಣಲು
ಸಾಲುಗಟ್ಟಿ ಪಡಸಾಲೆಗೆ ಬಂದು ನಿಲ್ಲುತ್ತದೆ.

ಲೆನ್ಸಿನ ಮುಂದೆ ತಪ್ಪು ಗುರುತೂ ಹಾಕಲಿಲ್ಲ, ಸರಿಯೂ ಹಾಕಲಿಲ್ಲ.
ಬೆಳಗಾಯಿತು. ಏಜೆಂಟಿನ ಗಾಡಿ ಹನ್ನೊಂದಕ್ಕೆ.
ಅಷ್ಟರಲ್ಲಿ ಒಂದು ಕೆಲಸ, ಹಾಲೇಶಿಗೂ ನನಗೂ ತಕರಾರಿಲ್ಲದ್ದು.

ಮಂಡಿಪೇಟೆಯ ಮಹಡಿ ಮೆಟ್ಟಿಲ ಕೆಳಗೆ
ದರ್ಜಿ ಪಿಸೆಯವರು ಕರಿ ಬಟ್ಟೆಯ ಸುರುಳಿ ಬಿಚ್ಚಿ
ಟೇಪು ಕೊರಳಿಂದ ಇಳಿಸಿ
ಪೆನ್ಸಿಲ್ ಕಿವಿಯಿಂದ ತೆಗೆದು ಕೇಳಿದರು:
"ಯಾರ ಅಳತಿ ಬರಕೊಳ್ಳಲಮ್ಮ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು
ಒಬ್ಬೊಬ್ಬರ ಭುಜ ನೆನೆಸಿಕೊಳ್ಳತೊಡಗಿದೆ.